ಹಗ್ಗದವನ ಎರಡನೆಯ ಅರ್ಜಿ

"ಗುರುಗಳೇ, ಮತ್ತೊಬ್ಬರ ತಪ್ಪನ್ನು ಎತ್ತಿ ಹೇಳುವವನ ಒಳಗಿರುವುದು ನ್ಯಾಯವೋ ಹೊಟ್ಟೆಕಿಚ್ಚೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಹಗ್ಗ ಹೊಸೆಯುವವನೊಬ್ಬನಿದ್ದ. ರಸ್ತೆ ಅಗಲ ಮಾಡುವಾಗ ಅವನ ಕೇರಿಯ ಹನ್ನೆರಡು ಮನೆಗಳು ಹೋದವು. ಪುರಸಭೆಯವರು ಊರ ಹೊರಗೆ ಹೊಸ ಮನೆ ಕಟ್ಟಿಸಿಕೊಡಲು ಒಪ್ಪಿ, ಅಲ್ಲಿಯವರೆಗೆ ಎಲ್ಲರಿಗೂ ತಿಂಗಳ ಬಾಡಿಗೆ ಹಣ ಕೊಡುತ್ತ ಬಂದರು. ಒಂದು ದಿನ ಹನ್ನೆರಡು ಮನೆಯವರಿಗೂ ನೋಟಿಸು ಬಂತು. ಹೊಸ ಮನೆಯ ಬೀಗದಕೈ ಕೊಟ್ಟು ಐದು ತಿಂಗಳಾಗಿದೆ, ಆಮೇಲೆ ಪಡೆದ ಬಾಡಿಗೆ ಹೆಚ್ಚುವರಿ, ಅದನ್ನು ಹಿಂದಿರುಗಿಸಬೇಕು ಎಂದು ಅದರಲ್ಲಿತ್ತು.

ಹನ್ನೊಂದು ಮಂದಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಹಗ್ಗದವನು ಕೂರಲಿಲ್ಲ. ಹೊಸ ಮನೆಗಳಿಗೆ ನೀರೇ ಬಂದಿಲ್ಲ, ನೀರಿಲ್ಲದ ಕಡೆ ಯಾರೂ ಸಂಸಾರ ಹೂಡಲಾರರು, ಆದ್ದರಿಂದ ಬಾಡಿಗೆ ಮನೆಯಲ್ಲೇ ಉಳಿಯಬೇಕಾಯಿತು ಎಂದು ಅರ್ಜಿ ಕೊಟ್ಟ. ಗುಮಾಸ್ತ ನಾಳೆ ಬಾ ಎಂದರೆ ನಾಳೆ ಹೋದ, ಸೋಮವಾರ ಬಾ ಎಂದರೆ ಸೋಮವಾರ ಹೋದ. ಹದಿನಾಲ್ಕು ಸಲ ಅಲೆದ. ಕೊನೆಗೆ ಮುಖ್ಯಾಧಿಕಾರಿ ತಾನೇ ಬಂದು ನಲ್ಲಿ ತಿರುಗಿಸಿ ನೋಡಿದ. ಹನಿ ನೀರು ಬೀಳಲಿಲ್ಲ. ಆ ಮನೆಗಳು ವಾಸಕ್ಕೆ ಯೋಗ್ಯವಿರಲಿಲ್ಲ, ಯಾರೂ ಹಣ ಹಿಂದಿರುಗಿಸಬೇಕಾಗಿಲ್ಲ ಎಂದು ಆದೇಶವಾಯಿತು.

ಹೊಸ ಸಾಲಿನಲ್ಲಿ ಅವನ ಪಕ್ಕದ ಮನೆ ಬಳೆ ಮಾರುವ ಹೆಂಗಸೊಬ್ಬಳಿಗೆ ಸಿಕ್ಕಿತ್ತು. ಬೀಗದಕೈ ಬಂದ ವಾರದಲ್ಲೇ ಅವಳು ಆ ಮನೆ ಸೇರಿ, ಕೆರೆಯಿಂದ ನೀರು ಹೊತ್ತು ದಿನ ನೂಕಿದ್ದಳು. ಬಾಡಿಗೆ ಹಣವನ್ನೂ ಪಡೆಯುತ್ತಿದ್ದಳು. ಅದು ಹಗ್ಗದವನಿಗೂ ಗೊತ್ತಿತ್ತು. ಆದೇಶ ಬಂದ ಮಾರನೆಯ ದಿನ ಅವಳು ಒಂದು ಡಜನ್ ಹಸಿರು ಬಳೆ ತಂದು ಅವನ ಹೆಂಡತಿಗೆ ತೊಡಿಸಿ, "ಅಣ್ಣ ಓಡಾಡಿದ್ದರಿಂದ ನಾನೂ ಉಳಿದೆ" ಎಂದಳು.

ಆ ಮಾತು ಅವನಿಗೆ ಮುಳ್ಳಾಯಿತು. ಚಪ್ಪಲಿ ಸವೆದದ್ದು ತನ್ನದು, ಅವಳು ಹೊಸ್ತಿಲು ದಾಟಲಿಲ್ಲ. ತನಗೆ ಬಂದ ಹಣ ಬಾಡಿಗೆಗೇ ಹೋಯಿತು, ಅವಳದ್ದು ಗಂಟಾಯಿತು. ಉಂಡದ್ದು ಅವನ ಮೈಗೆ ಹತ್ತಲಿಲ್ಲ. ಅವಳು ಅಂಗಡಿಗೆ ಗಾಜಿನ ಕಪಾಟು ಮಾಡಿಸಿದಳೆಂದು ಕೇಳಿದ ದಿನ, ತಡೆಯಲಾರದೆ ಮತ್ತೆ ಪುರಸಭೆಯ ಮೆಟ್ಟಿಲು ಹತ್ತಿದ. ಅವಳು ಐದು ತಿಂಗಳೂ ಆ ಮನೆಯಲ್ಲೇ ಇದ್ದಳೆಂದು ಎರಡನೆಯ ಅರ್ಜಿ ಬರೆದು ರುಜು ಹಾಕಿದ.

ಮುಖ್ಯಾಧಿಕಾರಿ ಅದನ್ನು ಎರಡು ಸಲ ಓದಿದ.

"ನೀರಿಲ್ಲದೆ ಅಲ್ಲಿ ಯಾರೂ ಇರಲಾರರು ಎಂದು ನೀನು ಹೇಳಿದೆ, ನಾನು ನಂಬಿದೆ. ಈಗ ಒಬ್ಬಳು ಇದ್ದಳೆಂದು ನೀನೇ ಬರೆದುಕೊಟ್ಟಿದ್ದೀಯೆ. ಇನ್ನು ಆ ಆದೇಶ ನಿಲ್ಲುವುದಿಲ್ಲ. ಹನ್ನೆರಡು ಮನೆಯವರೂ ಕಟ್ಟಬೇಕು" ಎಂದ.

ಹಗ್ಗದವನು, "ಅವಳೂ ಕಟ್ಟಬೇಕು ತಾನೇ?" ಎಂದು ಕೇಳಿದ. ಹೌದೆಂದು ತಿಳಿದ ಮೇಲೆಯೇ ಅಲ್ಲಿಂದ ಹೊರಟ. ಹಗ್ಗ ಹೊಸೆಯುವ ರಾಟೆಯನ್ನು ಮಾರಿ ತನ್ನ ಪಾಲು ಕಟ್ಟಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಅವನು ಬರೆದದ್ದು ನಿಜವೇ ಅಲ್ಲವೇ?" ಎಂದ.

"ನಿಜವೇ, ಆದರೆ ತನ್ನ ಹಣ ಉಳಿಯುವವರೆಗೆ ಆ ನಿಜ ಅವನ ಬಾಯಿಗೆ ಬಂದಿರಲಿಲ್ಲ" ಎಂದರು ಗುರುಗಳು.