ಬಾಗಿಲ ಮುಂದೆ ಬೋರಲು ಮಂಕರಿ

ಬಾ, ಇಲ್ಲಿ ಬಾ, ಕಂಬಳಿ ಒಳಗೆ ಕಾಲು ಹಾಕು. ಮೂಗು ಸೊರಸೊರ ಅಂತಿದೆಯಲ್ಲೇ, ಶೀತ ಏನು? ಧೂಳು ಅಂತೀಯಾ? ಸರಿಬಿಡು, ಧೂಳೇ ಇರ್ಲಿ. ಹಂಗಾದ್ರೆ ಇವತ್ತು ಧೂಳಿನ ಕತೇನೇ ಹೇಳ್ತೀನಿ, ಕಣ್ಣು ಮುಚ್ಕೊಂಡು ಕೇಳು.

ಒಂದಾನೊಂದು ಕಾಲದಲ್ಲಿ, ಹುಂಜ ಕೂಗೋವರೆಗೂ ಯಾರ ಮನೇಲೂ ಒಲೆ ಹಚ್ಚದೇ ಇದ್ದ ಕಾಲದಲ್ಲಿ, ಒಂದೂರಿನ ಕೆಳಗಲ ಬೀದೀಲಿ ಹೊಂಬಾಳಮ್ಮ ಅಂತ ಒಬ್ಳು ಇದ್ಲಂತೆ. ಅವಳ ಹತ್ರ ಒಂದು ಕೋಳಿ ಇತ್ತಂತೆ, ಒಲೆ ಬೂದಿ ಬಣ್ಣದ್ದು, ಅದಕ್ಕೆ ಹೆಸರೂ ಬೂದಿ ಅಂತಲೇ. ಅದು ಕಾವಿಗೆ ಕೂತ್ರೆ ಗುಡುಗು ಬರ್ಲಿ ನಾಯಿ ಬರ್ಲಿ ಅಲ್ಲಾಡ್ತಿರ್ಲಿಲ್ವಂತೆ, ಇಟ್ಟ ಮೊಟ್ಟೇಲಿ ಒಂದೂ ಕೊಳೀತಿರ್ಲಿಲ್ವಂತೆ. ಅದಕ್ಕೇ ಬೀದಿ ಹೆಂಗಸ್ರೆಲ್ಲ ರಾಗಿ ಮಡಕೇಲಿ ಮೊಟ್ಟೆ ಕೂಡಿಟ್ಕೊಂಡು, ಮರಿ ಮಾಡಿಸೋಕೆ ಬೂದೀನೇ ಎರವಲು ಕೇಳೋರಂತೆ. ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಕೋಳೀನ ವಾಪಸ್ ತರೋವಾಗ, ಎಲ್ಲಕ್ಕಿಂತ ಮೊದ್ಲು ಮೊಟ್ಟೆ ಒಡ್ಕೊಂಡು ಬಂದ ಮರೀನ ಕೋಳಿ ಒಡತಿಗೆ ಕೊಡೋದು ಆ ಬೀದಿ ಪದ್ಧತಿಯಂತೆ. ಹೊಂಬಾಳಮ್ಮಂಗೆ ಅದೇ ಒಂದು ಜಂಬ. ನೀರಿಗೆ ಹೋಗೋವಾಗ ಪಟೇಲ್ರ ಹೆಂಡ್ತಿಗಿಂತ ನಿಧಾನಕ್ಕೆ ನಡೀತಿದ್ಲಂತೆ, ನೋಡೋರೆಲ್ಲ ನೋಡ್ಲಿ ಅಂತ.

ಆ ಬೀದಿ ಕೊನೇ ಮನೇಲಿ ದ್ಯಾವಕ್ಕ ಅಂತ ಒಬ್ಳು ಮುದುಕಿ. ಒಂದು ವರ್ಷ ಅವಳ ಕೋಳಿಗಳಿಗೆಲ್ಲ ಶೀತ ಆಗಿ, ಮೂಗು ಸುರಿದು, ಗೊರಗೊರ ಅಂತ ಉಸಿರು ಎಳೆಯೋಕೆ ಶುರು ಆಯ್ತಂತೆ. ಆಗ ಈ ಹೊಂಬಾಳಮ್ಮ ಬಾವಿ ಕಟ್ಟೆ ಮೇಲೆ ನಿಂತ್ಕೊಂಡು, ಗೂಡು ಗುಡಿಸದವಳ ಮನೇಲೇ ಕಣ್ರೇ ಕೋಳಿ ಸೀನೋದು, ಅಂತ ಎಲ್ರಿಗೂ ಕೇಳೋ ಹಂಗೆ ಅಂದುಬಿಟ್ಲಂತೆ. ಎಲ್ಲಾರೂ ಕಿಸಕ್ಕಂತ ನಕ್ರಂತೆ. ದ್ಯಾವಕ್ಕ ಕೊಡ ಎತ್ಕೊಂಡು ಹೋದ್ಲಂತೆ, ಆಮೇಲೆ ಬಾವಿಗೆ ಎಲ್ರೂ ಬಂದುಹೋದ ಮೇಲೆ ಒಬ್ಳೇ ಬರೋಳಂತೆ.

ಆಮೇಲೆ ಏನಾಯ್ತು ಅಂತೀಯಾ? ಹೊಂಬಾಳಮ್ಮ ಸಂತೇಲಿ ಒಂದು ಹುಂಜ ನೋಡಿದ್ಲಂತೆ, ಕೆಂಪು ಜುಟ್ಟು, ಹಸಿರು ಬಾಲ. ಆಸೆ ತಡೀಲಾರದೆ ತಂದು, ಒಂದು ದಿನಾನೂ ಬೇರೆ ಇಡದೆ, ಸೀದಾ ಗೂಡಿಗೆ ಬಿಟ್ಲಂತೆ. ಸ್ವಲ್ಪ ದಿನಕ್ಕೆ ಹುಂಜ ಸೀನ್ತು. ಆಮೇಲೆ ಬೂದಿ ಸೀನ್ತು. ಕಣ್ಣಂಚಲ್ಲಿ ನೊರೆ, ಕೊಕ್ಕಿನ ತೂತಲ್ಲಿ ಸಿಂಬಳ, ಎದೇಲಿ ಗೊರಗೊರ. ಹೊಂಬಾಳಮ್ಮಂಗೆ ಹೆದರಿಕೆ ಆಯ್ತಂತೆ. ಕೋಳಿ ಹೋಗ್ಬಿಡುತ್ತೆ ಅಂತ ಅಲ್ಲ ಮಗಾ, ಬಾವಿ ಕಟ್ಟೇಲಿ ತಾನು ಆಡಿದ್ದ ಮಾತು ನೆನಪಾಗಿ.

ಅದೇ ಹೊತ್ತಿಗೆ ಬಾಗಿಲಲ್ಲಿ ಮುದ್ದೀರಿ ಬಂದು ನಿಂತ್ಲಂತೆ. ಇವಳು ಪಕ್ಕದ ಮನೆ ಸೊಸೆ, ತುಂಬಿದ ಬಸುರಿ ಅಲ್ಲ, ಆಗ ತಾನೇ ಗೊತ್ತಾಗಿದ್ದು. ಅತ್ತೆ ಇಲ್ಲ, ತವರಲ್ಲೂ ಯಾರೂ ಇಲ್ಲ. ಅಕ್ಕಾ, ಬೂದೀನ ಕಳಿಸಿಕೊಡಿ, ಈಗ ಮರಿ ಮಾಡಿಸಿದ್ರೆ ನನ್ನ ಬಾಣಂತನದ ಹೊತ್ತಿಗೆ ಸಾರಿಗೆ ಆಗ್ತವೆ, ನಂಗೆ ಮಾಡಿ ಹಾಕೋರು ಯಾರಿದ್ದಾರೆ, ಕೋಳಿಯಾದ್ರೂ ನಂದೇ ಇರ್ಲಿ, ಅಂದ್ಲಂತೆ.

ಹೇಳ್ಬೇಕಿತ್ತು ಅಲ್ವಾ? ನಮ್ಮ ಕೋಳಿಗೆ ಹುಷಾರಿಲ್ಲವ್ವ, ಅಂದಿದ್ರೆ ಮುಗೀತಿತ್ತು. ಆದ್ರೆ ಹೊಂಬಾಳಮ್ಮ ಒಳಗೆ ಹೋಗಿ, ಸೆರಗಿನ ತುದೀಲಿ ಬೂದಿ ಮೂಗು ಒರೆಸಿ, ಕೊಕ್ಕಿಗೆ ಚೂರು ಹರಳೆಣ್ಣೆ ಸವರಿ, ತಂದು ಕೈಗೆ ಕೊಟ್ಲಂತೆ. ಸೀನಿದ್ರೆ ಗಾಬರಿ ಆಗ್ಬೇಡ, ರಾಗಿ ಹೊಟ್ಟಿನ ಧೂಳು ಅಷ್ಟೆ, ಅಂತ ಬೇರೆ ಸೇರಿಸಿದ್ಲಂತೆ. ಹೂಂ, ಧೂಳು. ನೀನ್ಯಾಕೆ ಮುಸುಕು ಎಳ್ಕೋತೀಯಾ? ನಾನು ನಿಂಗೇನೂ ಅನ್ಲಿಲ್ಲ.

ಬೂದಿ ಕಾವಿಗೆ ಕೂತ್ಕೊಳ್ತು, ಮರಿ ಮಾಡ್ತು, ಮರಿಗಳು ಚಿಂವ್ ಚಿಂವ್ ಅಂದ್ವು. ಆಮೇಲೆ ಒಂದೊಂದಾಗಿ ಸೀನೋಕೆ ಶುರು ಮಾಡಿದ್ವಂತೆ. ಮುದ್ದೀರಿ ಹತ್ರ ಇದ್ದ ಮೊಟ್ಟೆ ಕೋಳಿಗಳೂ ಒಂದೇ ಬೋಗುಣೀಲಿ ನೀರು ಕುಡ್ಕೊಂಡು ಗೊರಗೊರ ಅಂದ್ವಂತೆ. ಆ ಹುಡುಗಿ ಗೂಡು ತೊಳೆದ್ಲಂತೆ, ಒಲೆ ಬೂದಿ ಎರಚಿದ್ಲಂತೆ, ಬಸುರಿನ ಸುಸ್ತಲ್ಲೂ ಬಗ್ಗಿ ಬಗ್ಗಿ ಗುಡಿಸಿದ್ಲಂತೆ. ತೊಳೆದಷ್ಟೂ ಕೋಳಿ ಸೀನ್ತು. ಕೊನೆಗೆ ಒಂದಿನ, ಮರಿಗಳಿಗೆ ರೆಕ್ಕೆ ಬಲಿಯೋ ಮೊದಲೇ, ಬೂದೀನ ಒಂದು ಕಂಕುಳಲ್ಲಿ, ಮೊದಲ್ನೇ ಮರೀನ ಮಡಿಲಲ್ಲಿ ಇಟ್ಕೊಂಡು ಹೊಂಬಾಳಮ್ಮನ ಮನೆಗೆ ಬಂದ್ಲಂತೆ.

ತಪ್ಪಾಯ್ತಕ್ಕ, ಅಂದ್ಲಂತೆ. ನಮ್ಮ ಮನೆ ಗೂಡು ಗಲೀಜು, ನೀವು ಅವತ್ತು ಬಾವಿ ಹತ್ರ ಹೇಳಿದ್ದು ನಿಜ. ನಿಮ್ಮ ಕೋಳಿಗೂ ನಮ್ಮ ಮನೇಲಿ ರೋಗ ಹತ್ತಿಬಿಡ್ತು. ಮರಿಗಳು ತಾಯಿ ಇಲ್ದೆ ಹೆಂಗೋ ಬದುಕ್ಲಿ, ನಿಮ್ಮ ಬೂದಿ ಉಳೀಲಿ. ಇದು ನಿಮ್ಮ ಮರಿ, ಯಾರಿಗೂ ಹೇಳ್ಬೇಡಿ ಅಕ್ಕ, ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ಲಂತೆ.

ಈಗಲಾದ್ರೂ ಹೇಳ್ಬೇಕಿತ್ತು. ಹೇಳ್ಲಿಲ್ಲ ಕಣೇ. ಹೊಂಬಾಳಮ್ಮ ಏನ್ ಮಾಡಿದ್ಲು ಗೊತ್ತಾ? ಕೈ ಚಾಚಿ ಆ ಮರೀನ ತಗೊಂಡ್ಲಂತೆ! ಆಗ್ಲಿ ಬಿಡವ್ವ, ಇನ್ನು ಮುಂದೆ ಚೊಕ್ಕಟವಾಗಿ ಇಟ್ಕೊ, ಅಂತಲೂ ಅಂದ್ಲಂತೆ. ಆ ಮಾತು ಹೆಂಗೆ ಬಾಯಿಂದ ಬಂತೋ ಅವಳಿಗೇ ಗೊತ್ತಾಗ್ಲಿಲ್ವಂತೆ. ಮುದ್ದೀರಿ ಆ ಕಡೆ ಹೋದ್ಲು, ಇವಳು ಒಲೆ ಮುಂದೆ ಕೂತು ಮರೀನ ಅಂಗೈಲಿ ಬೆಚ್ಚಗೆ ಹಿಡ್ಕೊಂಡ್ಲು. ಅನ್ನ ಬೇಯೋ ಹೊತ್ತಿಗೆ ಅದು ಬಾಯಿ ಬಾಯಿ ಬಿಟ್ಟು, ಅಂಗೈಲೇ ಕತ್ತು ವಾಲಿಸ್ತಂತೆ. ಅವತ್ತು ಅವಳಿಗೆ ಅನ್ನ ಇಳೀಲಿಲ್ಲ. ಗಂಡನ ಮುಖ ನೋಡೋಕೂ ನಾಚಿಕೆ, ಬೂದಿ ಮುಖ ನೋಡೋಕೂ ನಾಚಿಕೆ.

ಅಯ್ಯೋ, ಅಳ್ಬೇಡ್ವೇ. ಇನ್ನೂ ಇದೆ ಕೇಳು.

ಆಮೇಲೆ ಬೂದಿಗೆ ವಾಸಿ ಆದಂಗೆ ಕಾಣ್ತಂತೆ. ಸಿಂಬಳ ನಿಂತುಹೋಯ್ತು, ಕಣ್ಣು ತಿಳಿಯಾಯ್ತು, ಮತ್ತೆ ಕಾವಿಗೆ ಬಂತು. ಒಂದಿನ ಬಾವಿ ಹತ್ರ ಹೆಂಗಸರೆಲ್ಲ ಸೇರಿದಾಗ ಪಟೇಲ್ರ ಮನೆ ಗೌಡ್ತಿ, ಹೊಂಬಾಳೀ, ನಾಳೆ ಬೂದೀನ ನಮ್ಮನೆಗೆ ಕಳ್ಸೇ, ಅಂದ್ಲಂತೆ. ಅಷ್ಟಕ್ಕೇ ನಿಲ್ಲಿಸದೆ, ಇನ್ಮೇಲೆ ಆ ಮುದ್ದೀರಿಗೆ ಮಾತ್ರ ಕೊಡ್ಬೇಡ, ಅವಳ ಗೂಡು ಗಬ್ಬು ನಾರುತ್ತಂತೆ, ಇರೋ ಬರೋ ಕೋಳಿಗೆಲ್ಲ ರೋಗ, ಅಂತಲೂ ಅಂದ್ಲಂತೆ. ಎಲ್ಲಾರೂ ಕಿಸಕ್ಕಂತ ನಕ್ರಂತೆ. ಮುದ್ದೀರಿ ಅಲ್ಲೇ ನಿಂತಿದ್ಲು, ದೊಡ್ಡ ಹೊಟ್ಟೆ ಹೊತ್ಕೊಂಡು. ಅವಳು ದ್ಯಾವಕ್ಕನ ಥರಾನೇ ಕೊಡಕ್ಕೆ ಕೈ ಹಾಕಿದ್ಲಂತೆ.

ಆಗ ಹೊಂಬಾಳಮ್ಮಂಗೆ ಎದೆ ಒಳಗೇ ಗೊರಗೊರ ಅಂತಂತೆ. ಹಗ್ಗ ಬಿಟ್ಲು, ಬಿಂದಿಗೆ ಬಾವಿಗೆ ಬಿತ್ತು. ರೋಗ ಮುದ್ದೀರಿ ಗೂಡಿಂದ ಬಂದಿದ್ದಲ್ಲ, ನನ್ನ ಗೂಡಿಂದ, ಅಂದ್ಲಂತೆ. ನಾನು ತಂದ ಹುಂಜದಿಂದ ಬೂದಿಗೆ ಬಂತು, ನಾನು ಗೊತ್ತಿದ್ದೂ ಗೊತ್ತಿದ್ದೂ ಮೂಗು ಒರೆಸಿ ಅವಳಿಗೆ ಕೊಟ್ಟೆ, ಅವಳು ಬಂದು ತಪ್ಪಾಯ್ತು ಅಂದ್ರೆ ಮರಿ ಬೇರೆ ಇಸ್ಕೊಂಡೆ. ದ್ಯಾವಕ್ಕನ ಗೂಡೂ ಗಲೀಜಿರ್ಲಿಲ್ಲ, ಗಲೀಜಿದ್ದಿದ್ದು ನನ್ನ ಬಾಯಿ. ಅಷ್ಟು ಹೇಳಿ ಅಲ್ಲೇ ಅತ್ತುಬಿಟ್ಲಂತೆ.

ಎಲ್ಲಾರೂ ಬಂದು ಕಣ್ಣೊರೆಸಿದ್ರು ಅಂದ್ಕೊಂಡ್ಯಾ? ಯಾರೂ ಬರ್ಲಿಲ್ಲ. ಮುದ್ದೀರಿ ಒಂದು ಸಲ ನೋಡಿದ್ಲು, ಕೊಡ ಎತ್ಕೊಂಡು ಹೋದ್ಲು, ಅಷ್ಟೆ. ಅವಳ ಆ ನೋಟಕ್ಕಿಂತ ನಾಲ್ಕು ಬೈದಿದ್ರೆ ಸುಖವಾಗಿರ್ತಿತ್ತಂತೆ.

ಹೊಂಬಾಳಮ್ಮ ಸೀದಾ ದ್ಯಾವಕ್ಕನ ಮನೆಗೆ ಹೋಗಿ ಕಾಲು ಹಿಡ್ಕೊಂಡ್ಲಂತೆ. ನಿನ್ನ ಕೋಳಿ ಹೆಂಗೆ ಉಳಿಸ್ದೆ ದ್ಯಾವಕ್ಕ, ಆ ಮುದ್ದೀರಿ ಕೋಳಿಗಳು ಇನ್ನೂ ಒಂದಷ್ಟು ಉಸಿರಾಡ್ತಿವೆ, ಅಂತ ಕೇಳಿದ್ಲಂತೆ. ಮುದುಕಿ, ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ, ನೀನು ನಗಿಸಿದ್ಯಲ್ಲ, ಆಮೇಲೆ ನನ್ನ ಮಾತು ಯಾರಿಗೆ ಬೇಕಿತ್ತು, ಅಂದ್ಲಂತೆ. ಆಮೇಲೆ ಮೆಲ್ಲಗೆ ಹೇಳಿಕೊಟ್ಲಂತೆ. ಸೀನೋ ಕೋಳಿ ಬೇರೆ, ಸೀನದೇ ಇರೋ ಕೋಳಿ ಬೇರೆ, ನೀರಿನ ಬೋಗುಣೀನೂ ಬೇರೆ. ಮೊದ್ಲು ಚೆನ್ನಾಗಿರೋವಕ್ಕೆ ಕಾಳು ಹಾಕ್ಬೇಕು, ಆಮೇಲೆ ಕಾಯಿಲೆಯವಕ್ಕೆ, ಆಮೇಲೆ ಕೈಕಾಲು ತೊಳೀಬೇಕು. ಒಣಗಿದ ಹುಲ್ಲು ಹಾಸಿ, ಗೂಡಲ್ಲಿ ಗಾಳಿ ಆಡೋ ಹಂಗೆ ಮಾಡ್ಬೇಕು. ಹೊಸ ಕೋಳಿ ತಂದ್ರೆ ದೂರ ಕಟ್ಟಿ ನೋಡ್ಬೇಕು. ಇನ್ನೊಂದು, ನಿನ್ನ ಬೂದಿ ವಾಸಿ ಆದಂಗೆ ಕಂಡ್ರೂ ರೋಗ ಒಳಗೇ ಇಟ್ಕೊಂಡಿರುತ್ತೆ, ಇನ್ನು ಅದನ್ನ ಯಾರ ಮನೆಗೂ ಕೊಡ್ಬೇಡ, ಅಂದ್ಲಂತೆ.

ಹೊಂಬಾಳಮ್ಮ ಮುದ್ದೀರಿ ಹಿತ್ತಲಿಗೆ ದಿನಾ ಹೋಗಿ, ಅವಳು ಮಾತಾಡದೇ ಇದ್ರೂ ತಲೆ ತಗ್ಗಿಸ್ಕೊಂಡು ಅಷ್ಟೂ ಮಾಡಿದ್ಲಂತೆ. ಒಂದಷ್ಟು ಹೋದ್ವು, ಒಂದಷ್ಟು ಉಳಿದ್ವು. ಉಳಿದವು ಸೊರಗಿ ಸಾರಿಗೆ ಬರೋ ಹಂಗಿರ್ಲಿಲ್ಲ. ಮುದ್ದೀರಿಗೆ ಹೆಣ್ಣು ಮಗು ಆದಾಗ ಹೊಂಬಾಳಮ್ಮ ತನ್ನ ತವರಿಗೆ ನಡ್ಕೊಂಡು ಹೋಗಿ, ಒಳ್ಳೆ ಎಳೇ ಹ್ಯಾಟೆ ಕೋಳಿ ತಂದು, ತನ್ನ ಗೂಡಿನ ಹತ್ರಾನೂ ಬಿಡದೆ, ಮೆಣಸು ಬೆಳ್ಳುಳ್ಳಿ ಅರೆದು ಸಾರು ಮಾಡಿ ತಗೊಂಡು ಹೋದ್ಲಂತೆ. ಬಾಗಿಲಲ್ಲೇ ಕೈಕಾಲು ತೊಳ್ಕೊಂಡು, ಹೊಸ್ತಿಲ ಆಚೇನೇ ನಿಂತ್ಲಂತೆ.

ಮುದ್ದೀರಿ ಮಗೂನ ತೊಡೆ ಮೇಲೆ ಹಾಕ್ಕೊಂಡು ನೋಡ್ತಾ ಇದ್ದು, ಅಕ್ಕಾ, ಬೆಳಗ್ಗೆ ಇನ್ನೊಂದು ಕೋಳಿ ಸೀನ್ತು, ಯಾರಿಗೆ ಹೇಳ್ಲಿ ಅಂತಿದ್ದೆ, ಅಂದ್ಲಂತೆ. ಮೊದಲ್ನೇ ಮಾತು ಅದೇ. ಹೊಂಬಾಳಮ್ಮ ಸಾರಿನ ಪಾತ್ರೆ ಕೆಳಗಿಟ್ಟು ಬಿಕ್ಕಿ ಬಿಕ್ಕಿ ಅತ್ಲಂತೆ. ಆಮೇಲೆ ಇಬ್ರೂ ಸೇರಿ ಮುದ್ದೀರಿ ಬಾಗಿಲ ಮುಂದೆ ಕೋಳಿ ಮುಚ್ಚೋ ಬಿದಿರು ಮಂಕರಿ ಒಂದನ್ನ ಬೋರಲು ಹಾಕಿದ್ರಂತೆ, ನಮ್ಮನೇಲಿ ಕೋಳಿಗೆ ಹುಷಾರಿಲ್ಲ, ನಿಮ್ಮ ಕೋಳಿ ಈ ಕಡೆ ಬಿಡ್ಬೇಡಿ ಅನ್ನೋ ಗುರುತಿಗೆ. ಅವತ್ತಿಂದ ಆ ಬೀದೀಲಿ ಯಾರ ಮನೆ ಕೋಳಿ ಸೀನಿದ್ರೂ ಬಾಗಿಲಿಗೆ ಬೋರಲು ಮಂಕರಿ, ಅದನ್ನ ನೋಡಿ ನಗೋರು ಯಾರೂ ಇಲ್ವಂತೆ. ದ್ಯಾವಕ್ಕ ಎಲ್ರ ಜೊತೇಲೇ ನೀರಿಗೆ ಬರೋಳಂತೆ. ಬೂದಿ ಮಾತ್ರ ಹೊಂಬಾಳಮ್ಮನ ಹಿತ್ತಲಲ್ಲೇ, ಒಂಟಿ ಗೂಡಲ್ಲಿ, ಕಾವಿಗೆ ಬಂದಾಗ ಮೊಟ್ಟೆ ಇಲ್ದೆ ಬರೀ ಹುಲ್ಲಿನ ಮೇಲೇ ಕೂರೋದಂತೆ. ಸಾಯಂಕಾಲ ಆದ್ರೆ ಹೊಂಬಾಳಮ್ಮ ಅದರ ಪಕ್ಕ ಹೋಗಿ ಸುಮ್ನೆ ಕೂತ್ಕೊಳ್ಳೋಳಂತೆ.

ಕೋಳಿ ಗೂಡು ಸೇರ್ತು, ಕತೆ ಮುಗೀತು. ಏನಂದೆ? ಧೂಳಲ್ಲ, ಶೀತಾನೇ ಅಂತೀಯಾ? ನನ್ನ ಬಂಗಾರ. ಸರಿ, ಇವತ್ತು ತಮ್ಮನ ಪಕ್ಕ ಬೇಡ, ಈ ಕಡೆ ನನ್ನ ಹತ್ರ ಮಲ್ಕೋ.