ಒಂದೇ ಬಾಯಿಯ ಬಡಾವಣೆ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಕೆರೆಯ ಸುತ್ತ ಒತ್ತೊತ್ತಾಗಿ ಬಿಲ ತೋಡಿಕೊಂಡು ಬಾಳುತ್ತಿದ್ದವು. ಅಲ್ಲಿ ಓಣಿಗೆ ಓಣಿ ಕೂಡುತ್ತಿತ್ತು. ಯಾರ ಬಿಲದಿಂದ ಯಾರ ಬಿಲಕ್ಕಾದರೂ ನೆಟ್ಟಗೆ ಹೋಗಬಹುದಿತ್ತು. ಮರಿಗಳು ಹೆಚ್ಚಿ ಜಾಗ ಸಾಲದಾದಾಗ ನರಿ ಮುಂದೆ ಬಂತು.

"ಹುಲ್ಲುಗಾವಲಿನಲ್ಲಿ ಹೊಸ ಬಡಾವಣೆ ಮಾಡಿಕೊಡ್ತೀನಿ. ಪ್ರತಿ ಓಣಿಯ ಕೊನೆಗೂ ಬೇಲಿ. ಒಳಗೆ ಬರೋದಕ್ಕೆ ಒಂದೇ ದಾರಿ. ಕಂಡಕಂಡವರು ನಿಮ್ಮ ಮನೆ ಮುಂದೆ ಓಡಾಡೋದಿಲ್ಲ," ಎಂದಿತು.

ಎಲ್ಲಕ್ಕೂ ಈ ಮಾತು ಹಿಡಿಸಿತು. ಚೌಡಕ್ಕ ಎಂಬ ಮುಳ್ಳುಹಂದಿಯೂ ತನ್ನ ಮರಿಯನ್ನು ಕರೆದುಕೊಂಡು ಅಲ್ಲಿಗೆ ಹೋಯಿತು. ಹೋದ ಮೇಲೆ ನೋಡಿದರೆ, ಆ ಒಂದೇ ದಾರಿಯ ಬಾಯಲ್ಲಿ ನರಿ ಕೂತಿರುತ್ತಿತ್ತು. ಗೆಡ್ಡೆ ತಂದರೂ ಹಣ್ಣು ತಂದರೂ ಅದಕ್ಕೆ ಪಾಲು ಕೊಟ್ಟೇ ಒಳಗೆ ಹೋಗಬೇಕು. ಚೌಡಕ್ಕನ ತಂಗಿ ನಿಂಗವ್ವನ ಬಿಲ ಬೇಲಿಯ ಆಚೆಗೇ ಇತ್ತು. ಕೂಗಿದರೆ ಓಗೊಡುತ್ತಿತ್ತು. ಬರಬೇಕೆಂದರೆ ಮಾತ್ರ ಗುಡ್ಡ ಬಳಸಬೇಕು.

"ಬೇಲಿಯಲ್ಲಿ ಒಂದು ಕಂಡಿ ಬಿಡು ನರಿಯಣ್ಣ," ಎಂದು ಚೌಡಕ್ಕ ಕೇಳಿತು.

"ಬಿಟ್ಟರೆ ಬಡಾವಣೆ ಮರ್ಯಾದೆ ಏನಾಗುತ್ತೆ?" ಎಂದು ನರಿ ಹಲ್ಲು ಕಿರಿಯಿತು.

ಒಂದು ಮಧ್ಯಾಹ್ನ ಚೌಡಕ್ಕನ ಮರಿಗೆ ಹಾವು ಕಚ್ಚಿತು. ಚೌಡಕ್ಕ ಬೇಲಿಗೆ ಬಾಯಿಟ್ಟು ತಂಗಿಯನ್ನು ಕೂಗಿತು. ಬೇಲಿ ಒಂದು ಬೇರು ತೂರಿಸಲೂ ಆಗದಷ್ಟು ಒತ್ತಾಗಿತ್ತು. ನಿಂಗವ್ವ ವಿಷ ಇಳಿಸುವ ಬೇರನ್ನು ಕಚ್ಚಿಕೊಂಡು ಗುಡ್ಡ ಬಳಸಿ ಓಡಿ ಬಂತು. ದಾರಿಯ ಬಾಯಲ್ಲಿ ನರಿ ಅಡ್ಡ ನಿಂತಿತು. "ನೀನು ಹೊರಗಿನವಳು. ಯಾರ ಮನೆಗೆ? ಏನು ಕೆಲಸ?" ಎಂದು ಕೇಳುತ್ತಲೇ ಇತ್ತು. ನಿಂಗವ್ವ ಬಿಲ ಮುಟ್ಟುವಷ್ಟರಲ್ಲಿ ಮರಿಯ ಮೈ ತಣ್ಣಗಾಗಿತ್ತು.

ಚೌಡಕ್ಕ ಅಳಲಿಲ್ಲ. ಅದರ ಮೈಮೇಲಿನ ಮುಳ್ಳುಗಳೆಲ್ಲ ಸೆಟೆದು ನಿಂತವು. ಅಂದಿನಿಂದ ಅದು ಬೇಲಿ ಕಡಿಯತೊಡಗಿತು.

"ಬೇಡ ಚೌಡಕ್ಕ, ನರಿಗೆ ಸಿಟ್ಟು ಬರುತ್ತೆ," ಎಂದವು ನೆರೆಯ ಮೊಲಗಳು.

"ಮತ್ತೆ ನನಗೆ ಬಂದಿರೋದು ಏನು?" ಎಂದು ಚೌಡಕ್ಕ ತಿರುಗಿಯೂ ನೋಡದೆ ಕಡಿಯಿತು. ಒಂದೊಂದೇ ಓಣಿಯ ಬೇಲಿಗೆ ಕಂಡಿ ಬಿತ್ತು. ಸೆಟೆದ ಮುಳ್ಳುಗಳಿಗೆ ಹೆದರಿ ನರಿ ತಡೆಯಲು ಬರಲಿಲ್ಲ, ಕೊನೆಯ ಓಣಿಯಲ್ಲಿದ್ದ ತನ್ನ ಮನೆಯ ಬೇಲಿಗೆ ಮಾತ್ರ ಇನ್ನಷ್ಟು ಮುಳ್ಳು ಒಟ್ಟಿತು.

ಬೇಸಿಗೆಯಲ್ಲಿ ಕಾಳ್ಗಿಚ್ಚು ಬಂತು. ಬಂದದ್ದು ಆ ಒಂದೇ ದಾರಿಯ ಕಡೆಯಿಂದ. ಪ್ರಾಣಿಗಳೆಲ್ಲ ಕಂಡಿಗಳಲ್ಲಿ ನುಸುಳಿ ಕೆರೆ ಸೇರಿದವು. ನರಿ ಗಾಬರಿಯಲ್ಲಿ ತನ್ನ ಓಣಿಯ ತುದಿಗೇ ಓಡಿತು. ಮುಂದೆ ಬೇಲಿ, ಹಿಂದೆ ಬೆಂಕಿ.

"ಚೌಡಕ್ಕ, ಕಡಿ ತಾಯಿ, ಬೇಗ ಕಡಿ," ಎಂದು ಊಳಿಟ್ಟಿತು.

ಚೌಡಕ್ಕ ಕೆರೆಯ ದಂಡೆಯಿಂದ ಎದ್ದು ಬಂತು. ಹಲ್ಲು ಕಡಿಯುತ್ತಲೇ ಬೇಲಿಯನ್ನೂ ಕಡಿಯಿತು. ಒಟ್ಟಿದ ಮುಳ್ಳು ಬಲು ದಪ್ಪವಾಗಿತ್ತು. ಕಂಡಿ ಬೀಳುವಷ್ಟರಲ್ಲಿ ನರಿಯ ಬಾಲ ಸುಟ್ಟು ಕರಕಲಾಗಿತ್ತು, ಬೆನ್ನು ಬೆಂದಿತ್ತು.

"ಇಷ್ಟು ಹೊತ್ತು ಮಾಡಿದೆಯಲ್ಲ," ಎಂದು ನರಿ ನರಳಿತು.

"ನನ್ನ ಮರಿಯೂ ಹೀಗೇ ಕಾದಿತ್ತು," ಎಂದಿತು ಚೌಡಕ್ಕ.

ನರಿಗೆ ಆ ಕಾಡಿನಲ್ಲಿ ಮತ್ತೆ ಜಾಗ ಸಿಗಲಿಲ್ಲ. ಮೊಲಗಳು ಯಾರೂ ಹೇಳದೆಯೇ ಸುಡದೆ ಉಳಿದ ಬೇಲಿಗಳನ್ನು ಕಿತ್ತು ಹಾಕಿದವು. ಕೀಳುವಾಗ ಚೌಡಕ್ಕನ ಮುಖ ನೋಡುವ ಧೈರ್ಯ ಮಾತ್ರ ಅವಕ್ಕೆ ಬರಲಿಲ್ಲ.

ನೀತಿ: ಊರು ಬೆಳೆದಷ್ಟೂ ದಾರಿಗೆ ದಾರಿ ಕೂಡಬೇಕು, ಸ್ವಾರ್ಥಕ್ಕಾಗಿ ಪರರ ದಾರಿ ಮುಚ್ಚಿದವನಿಗೆ ಆಪತ್ತಿನಲ್ಲಿ ತನ್ನ ದಾರಿಯೂ ಹೊತ್ತಿಗೆ ಸಿಗುವುದಿಲ್ಲ.