ಬೆವರುತ್ತಿದ್ದ ಗೋಡೆ

ನೂರು ವರ್ಷದ ಸರ್ಕಾರಿ ಶಾಲೆಯೊಂದರ ಗೋಡೆಯಲ್ಲಿ ಮಳೆಗಾಲ ಬಂತೆಂದರೆ ತೇವ ಮೂಡುತ್ತಿತ್ತು. ಸುಣ್ಣದ ಗಾರೆಯಲ್ಲಿ ಕಟ್ಟಿದ, ಎರಡಡಿ ದಪ್ಪದ ಗೋಡೆ ಅದು. ನೆಲದಿಂದ ಹೀರಿದ ನೀರನ್ನೆಲ್ಲ ಗಾಳಿಗೆ ಬಿಟ್ಟು ಬೇಸಿಗೆಯ ಹೊತ್ತಿಗೆ ತಾನೇ ಒಣಗಿಕೊಳ್ಳುತ್ತಿತ್ತು.

ಶತಮಾನೋತ್ಸವ ಹತ್ತಿರ ಬಂದಾಗ ಹೆಡ್‌ಮಾಸ್ತರ್ ಪರಮೇಶಪ್ಪನವರು ಮೇಸ್ತ್ರಿಯನ್ನು ಕರೆಸಿದರು. “ಬಂದವರ ಎದುರಿಗೆ ಈ ಕಲೆ ಕಾಣಬಾರದಪ್ಪ, ಸಿಮೆಂಟ್ ಬಳಿದುಬಿಡು” ಎಂದರು. ಮೇಸ್ತ್ರಿ ಹಾಗೆಯೇ ಮಾಡಿದ.

“ನನಗೆ ಬೆವರಲು ಜಾಗ ಬಿಡಪ್ಪ” ಎಂದಿತು ಗೋಡೆ.

“ಬಂದವರ ಮುಂದೆ ಬೆವರುತ್ತಾರೆಯೇ ಅಜ್ಜ? ನಾನಿರುವಾಗ ಒಂದು ಹನಿಯೂ ಹೊರಗೆ ಬಾರದು” ಎಂದಿತು ಸಿಮೆಂಟ್. ಕೊಟ್ಟ ಮಾತನ್ನು ಉಳಿಸಿಕೊಂಡಿತು ಕೂಡ.

ಉತ್ಸವಕ್ಕೆ ಬಂದವರೆಲ್ಲ ಗೋಡೆಯನ್ನು ಹೊಗಳಿದರು. ಮೂರನೆಯ ಮಳೆಗಾಲದಲ್ಲಿ ಸಿಮೆಂಟಿನ ಬೆನ್ನ ಹಿಂದೆ ಏನೋ ಉದುರಿದಂತಾಯಿತು.

“ಏನದು ಅಜ್ಜ?”

“ಹೊರಗೆ ಹೋಗಬೇಕಾದ ನೀರು ಒಳಗೇ ಉಳಿಯಿತು. ಗಾರೆ ಪುಡಿಯಾಗುತ್ತಿದೆ.”

“ಮೊದಲೇ ಹೇಳಬಾರದಿತ್ತೇ?”

“ಹೇಳಿದ್ದೆ.”

ಸಿಮೆಂಟ್ ಎಲ್ಲಾದರೂ ಒಂದು ಕಡೆ ಬಿರಿದು ನೀರಿಗೆ ದಾರಿ ಮಾಡಿಕೊಡಲು ನೋಡಿತು. ಆದರೆ ಗಟ್ಟಿಯಾಗಿ ನಿಲ್ಲುವುದೊಂದನ್ನು ಬಿಟ್ಟು ಅದಕ್ಕೆ ಬೇರೇನೂ ಬರುತ್ತಿರಲಿಲ್ಲ. ಮಳೆಗಾಲವೆಲ್ಲ ಒಳಗೆ ಉದುರುವ ಸದ್ದನ್ನು ಕೇಳುತ್ತ ನಿಂತಿತು. ಕೊನೆಗೆ ಆ ಸದ್ದೂ ನಿಂತಿತು.

“ಈಗ ಬೆವರು ಅಜ್ಜ, ನಾನು ಏನೂ ಅನ್ನುವುದಿಲ್ಲ” ಎಂದು ಸಿಮೆಂಟ್ ಕೂಗಿತು.

ಬೇಸಿಗೆಯಲ್ಲಿ ಪರಮೇಶಪ್ಪನವರು ಬಂದು ಗೋಡೆಯನ್ನು ತಟ್ಟಿ ನೋಡಿದರು. ಹೊರಗೆ ಒಂದು ಕಲೆಯೂ ಇರಲಿಲ್ಲ. ಒಳಗಿನಿಂದ ಪೊಳ್ಳು ಸದ್ದು ಬಂತು.